ಗಂಟೆ ನಿಂತ ಮೇಲೆ ನಮ್ಮ ವಠಾರದ ಕಸ

ಬೀದಿಗಳ ಶಾಂತಿ ಕಾಯುತ್ತಿರುವ ಮಾನ್ಯ ವಿಭಾಗಾಧಿಕಾರಿಗಳೇ,

ಈ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಎದುರು ತಾರಸಿಯ ನಾಯಿ ಎಂದಿನಂತೆ ಅಂಚಿಗೆ ಬಂದು ನಿಂತಿತು. ಕತ್ತು ಮೇಲೆತ್ತಿ ಬಾಯಿ ತೆರೆಯಿತು. ಕಸದ ಗಂಟೆ ಕೇಳಿದೊಡನೆ ಊಳಿಡುವುದು ಅದರ ಆರು ವರ್ಷದ ಅಭ್ಯಾಸ. ಗಂಟೆ ಕೇಳಲಿಲ್ಲ. ನಾಯಿ ಸ್ವಲ್ಪ ಹೊತ್ತು ಹಾಗೇ ಬೀದಿ ನೋಡಿ, ಬಾಯಿ ಮುಚ್ಚಿ, ನೀರಿನ ತೊಟ್ಟಿಯ ಹಿಂದೆ ಹೋಗಿ ಮಲಗಿತು. ನೀವು ಗಂಟೆ ನಿಲ್ಲಿಸಿ ಇಂದಿಗೆ ಐದು ವಾರ. ನಾಯಿಗೆ ನಿಮ್ಮ ಆದೇಶ ಇನ್ನೂ ತಲುಪಿಲ್ಲ.

ನಮಗೆ ತಲುಪಿದೆ. ಅದರ ಬೆನ್ನಿಗೇ ಇನ್ನೊಂದೂ ತಲುಪಿದೆ: ನಮ್ಮ ವಠಾರ ಅನಾರೋಗ್ಯಕರ, ಹನ್ನೊಂದು ಮನೆಗಳೂ ತಿಂಗಳೊಳಗೆ ಖಾಲಿಯಾಗಬೇಕು ಎಂಬ ನೋಟಿಸು. ಕಾರಣ, ಅಂಗಳದಲ್ಲಿ ರಾಶಿ ಬಿದ್ದ ಕಸ. ಮಾನ್ಯರೇ, ಮೊದಲನೆಯ ಕಾಗದವೇ ಎರಡನೆಯದನ್ನು ಹೆತ್ತಿದೆ ಎಂಬುದು ನಿಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಅಥವಾ ಹೊಳೆದೇ ಸಹಿ ಹಾಕಿದಿರೋ?

ನೀವೂ ಈ ಮೆಕ್ಸಿಕೋ ನಗರದಲ್ಲೇ ಹುಟ್ಟಿ ಬೆಳೆದವರಂತೆ. ಹಾಗಾದರೆ ನಿಮ್ಮ ತಾಯಿಯೂ ಗಂಟೆ ಕೇಳಿ, ಎಡ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು, ಕಸದ ಚೀಲ ಹಿಡಿದು ಮೆಟ್ಟಿಲಿಳಿದಿರಬೇಕು. ನಮ್ಮಲ್ಲಿ ಕಸವನ್ನು ಬೀದಿಯಲ್ಲಿಟ್ಟು ಬರುವಂತಿಲ್ಲ. ಲಾರಿ ಬಂದಾಗ ಕೈಯಾರೆ ಕೊಡಬೇಕು. ಲಾರಿ ಬಂತು ಎಂದು ಹೇಳುತ್ತಿದ್ದುದು ಅದರ ಮುಂದೆ ನಡೆಯುವ ಕಸದ ಸಿಬ್ಬಂದಿ, ಹಿರಿಯ ದೊನ್ ಫಿದೆನ್ಸಿಯೊ ಅವರ ಕೈಗಂಟೆ. ಅವರು ಮೊದಲು ನಮ್ಮ ವಠಾರದ ಕೆಳಗೆ ಬಾರಿಸಿ, ಆಮೇಲೆ ಇಡೀ ಬೀದಿಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಯಾಕೆಂದರೆ ಮೇಲಿನ ಮಹಡಿಯ ಅಜ್ಜಿ ದೋನ್ಯಾ ಒಬ್ದೂಲಿಯಾ ಅವರಿಗೆ ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮೊಣಕಾಲುಗಳು ಸವೆದಿವೆ. ಮೆಟ್ಟಿಲಿಳಿಯಲು ಹನ್ನೊಂದು ನಿಮಿಷ ಬೇಕು. ದೊನ್ ಫಿದೆನ್ಸಿಯೊ ಹಾಕುತ್ತಿದ್ದ ಸುತ್ತಿಗೂ ಸರಿಯಾಗಿ ಹನ್ನೊಂದು ನಿಮಿಷ. ಇದನ್ನು ಅವರಿಗೆ ಯಾವ ಆದೇಶವೂ ಕಲಿಸಿರಲಿಲ್ಲ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಸಾಹಿತ್ಯ ಓದಿದವಳು, ಒಬ್ಬಳೇ ಇರುವವಳು, ನಾಲ್ಕು ಜನರೆದುರು ಬಾಯಿ ಬಾರದವಳು. ಒಂಟಿಯಾಗಿರುವವರ ಮನೆಯಲ್ಲಿ ಕಸ ಬಹಳ ಆಗುವುದಿಲ್ಲ. ವಾರಕ್ಕೊಂದು ಚೀಲ ಸಾಕು. ಆದರೂ ನಾನು ಒಂದು ಕಿತ್ತಳೆ ಸಿಪ್ಪೆ, ಎರಡು ಮೊಟ್ಟೆ ಚಿಪ್ಪು ಕಟ್ಟಿಕೊಂಡು ದಿನಾ ಇಳಿಯುತ್ತಿದ್ದೆ. ಎಷ್ಟೋ ದಿನ, ಇಡೀ ದಿನದಲ್ಲಿ ನಾನು ಮನುಷ್ಯರ ಜೊತೆ ಆಡಿದ ಮಾತೆಂದರೆ ಲಾರಿ ಕಾಯುವ ಆ ಬೀದಿ ಮೂಲೆಯಲ್ಲಿ ಆಡಿದಷ್ಟೇ.

"ಏನೇ ಹುಡುಗಿ, ನಿನ್ನ ಕಸ ನೋಡಿದ್ರೆ ಮನೇಲಿ ಗುಬ್ಬಿ ಸಾಕ್ಕೊಂಡಂಗಿದೆ," ಎನ್ನುತ್ತಿದ್ದರು ದೋನ್ಯಾ ಒಬ್ದೂಲಿಯಾ. "ಅನ್ನ ತಿಂತೀಯೋ, ಬರೀ ಪುಸ್ತಕ ತಿಂತೀಯೋ?"

"ಇಷ್ಟಕ್ಕೆ ಲಾರಿ ಯಾಕೆ ಬೇಕು ಪುಟ್ಟಿ? ಕೊಡು, ಜೇಬಿಗೆ ಹಾಕ್ಕೋತೀನಿ," ಎನ್ನುತ್ತಿದ್ದರು ದೊನ್ ಫಿದೆನ್ಸಿಯೊ.

"ಅವಳನ್ನ ಆಡ್ಕೋಬೇಡ ಕಣೋ ಮುದುಕಾ. ನಾಳೆ ಬರದೇ ಇದ್ರೆ ನೀನೇ ಮೇಲೆ ಹತ್ತಿ ಕರೀಬೇಕು, ನನ್ ಕೈಲಾಗಲ್ಲ."

ನಾನು ನಗುತ್ತಿದ್ದೆ. ಉತ್ತರ ಮನೆಗೆ ಬಂದ ಮೇಲೆ ಹೊಳೆಯುತ್ತಿತ್ತು. ಅದನ್ನು ನಾಳೆ ಹೇಳೋಣ ಎಂದುಕೊಳ್ಳುವುದೇ ಒಂದು ಸುಖವಾಗಿತ್ತು.

ಹಾಗಿರುವಾಗ ಪಕ್ಕದಲ್ಲಿ ಹದಿನೆಂಟು ಮಹಡಿಯ ಐಷಾರಾಮಿ ಗೋಪುರ ಎದ್ದಿತು. ಅದರ ಕಸ ನೆಲದಡಿಯ ಕೋಣೆಗೆ ಕೊಳವೆಯಲ್ಲಿ ಜಾರುತ್ತದೆ; ಅಲ್ಲಿಂದ ಖಾಸಗಿ ಗಾಡಿ ಸದ್ದಿಲ್ಲದೆ ಒಯ್ಯುತ್ತದೆ. ಅಲ್ಲಿಯವರು ನಮ್ಮ ಗಂಟೆಯ ಮೇಲೆ ದೂರು ಕೊಟ್ಟರು. ನೀವು ತನಿಖೆ ಮಾಡಿದಿರಿ. ಎಷ್ಟು ಶೀಘ್ರ ತನಿಖೆ! ನಮ್ಮ ಮೂಲೆಯ ಚರಂಡಿ ಎರಡು ವರ್ಷದಿಂದ ಬಾಯ್ಬಿಟ್ಟು ನಿಮ್ಮನ್ನೇ ಕಾಯುತ್ತಿದೆ. ಅದಕ್ಕೆ ಸದ್ದು ಮಾಡಲು ಬರುವುದಿಲ್ಲ ಎಂಬುದೇ ಅದರ ತಪ್ಪಿರಬೇಕು.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಆ ಗೋಪುರದ ಮಾರಾಟದ ಪುಸ್ತಿಕೆಗೆ ಮಾತು ಬರೆದುಕೊಟ್ಟವಳು ನಾನೇ. ಅದು ನನಗೆ ಕೆಲಸವಿಲ್ಲದ ಕಾಲ; ಗೋಪುರ ಕಟ್ಟಿಸುತ್ತಿದ್ದವರು "ಬಡಾವಣೆಯ ಜೀವ ತುಂಬಿರಲಿ," ಎಂದರು. ನಾನು ಕಿಟಕಿಯಿಂದ ಕಂಡದ್ದನ್ನು ಬರೆದೆ. "ಇಲ್ಲಿ ಬೆಳಗಾಗುವುದು ಕೈಗಂಟೆಯ ದನಿಯಿಂದ, ನೆರೆಯವರು ಇನ್ನೂ ಹೆಸರು ಹಿಡಿದು ಕರೆಯುತ್ತಾರೆ" ಎಂಬ ಸಾಲನ್ನು ಅವರು ದಪ್ಪ ಅಕ್ಷರದಲ್ಲಿ ಹಾಕಿದರು. ಆ ಸಾಲನ್ನು ಓದಿ ಮನೆ ಕೊಂಡವರೇ ಆ ಗಂಟೆಯನ್ನು ನಿಲ್ಲಿಸಿ ಎಂದು ನಿಮ್ಮಲ್ಲಿಗೆ ಬಂದದ್ದು. ನಾನು ಬರೆದ ಮಾತನ್ನು ಜನ ಓದಬೇಕು ಎಂಬುದು ನನ್ನ ಬಹಳ ದಿನದ ಆಸೆ. ಓದಿದರು.

ಇನ್ನು ಮುಂದೆ ಲಾರಿಯ ಸಮಯ ಫೋನಿನಲ್ಲಿ ಬರುತ್ತದೆ ಎಂದಿರಿ. "ಆರರಿಂದ ಹತ್ತರೊಳಗೆ" ಎಂದು ಬರುತ್ತದೆ. ದೋನ್ಯಾ ಒಬ್ದೂಲಿಯಾ ಅವರ ಗುಂಡಿ ಒತ್ತುವ ಹಳೆಯ ಫೋನಿಗೆ ಅದೂ ಬರುವುದಿಲ್ಲ. ಮೊದಲ ವಾರ ಅವರು ಆರಕ್ಕೇ ಇಳಿದು, ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಲಾರಿ ಒಮ್ಮೆ ಹಿಂದಿನ ಬೀದಿಯಲ್ಲಿ ಹೋಯಿತು, ಒಮ್ಮೆ ನಿಲ್ಲದೇ ಹೋಯಿತು. ಬೀದಿಯಲ್ಲಿಟ್ಟರೆ ದಂಡ. ಹೀಗೆ ಹನ್ನೊಂದು ಮನೆಯ ಚೀಲಗಳು ಅಂಗಳದ ಬಟ್ಟೆ ಒಗೆಯುವ ಕಲ್ಲುಗಳ ಪಕ್ಕ ಸೇರಿದವು. ಹದಿನೆಂಟನೆಯ ದಿನ ನಿಮ್ಮ ಪರಿವೀಕ್ಷಕರು ಬಂದು ಆ ಚೀಲಗಳ ಚಿತ್ರವನ್ನು ಒಂಬತ್ತು ಕೋನದಿಂದ ತೆಗೆದರು. ಅದಕ್ಕೂ ನಾಲ್ಕು ದಿನ ಮೊದಲೇ ಗೋಪುರದವರು ತಮ್ಮ ಗೋಡೆಗೆ ಎರಡನೇ ಹಂತದ ಕಟ್ಟಡದ ಚಿತ್ರ ತೂಗುಹಾಕಿದ್ದರು. ಅದರಲ್ಲಿ ನಮ್ಮ ವಠಾರವಿಲ್ಲ. ಒಬ್ದೂಲಿಯಾ ಅವರ ಹೊಲಿಗೆ ಯಂತ್ರವಿರುವ ಜಾಗದಲ್ಲಿ ಈಜುಕೊಳವಿದೆ, ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ನಿಮ್ಮ ನೋಟಿಸು ಬರುವ ಮುನ್ನವೇ ಅವಳಿಗೆ ಅಲ್ಲಿ ಕುಳಿತುಕೊಳ್ಳಲು ಯಾರು ಹೇಳಿದರು, ಮಾನ್ಯರೇ?

ನಿಮ್ಮ ಕಚೇರಿಗೂ ಬಂದಿದ್ದೆ. ಮಾತನ್ನು ಚೀಟಿಯಲ್ಲಿ ಬರೆದು ತಂದಿದ್ದೆ, ಅದನ್ನೇ ಓದಿದೆ. ಗುಮಾಸ್ತೆ ಕರುಣೆಯಿಂದಲೇ ಹೇಳಿದಳು: "ಗಂಟೆ ಸದ್ದಿನ ದೂರಾದ್ರೆ ಮೂರನೇ ಕಿಟಕಿ ಮೇಡಂ. ಗಂಟೆ ಬೇಕು ಅನ್ನೋರಿಗೆ ಕಿಟಕಿ ಇಲ್ಲ." ಮನೆಗೆ ಬಂದು ಒಬ್ದೂಲಿಯಾ ಅವರಿಗೆ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ಮೂರು ಸಲ ತಪ್ಪಿತು.

"ನನ್ನ ತಂಗಿ ಮಗ ಊರಾಚೆ ಒಂದು ರೂಮು ಕೊಡ್ತೀನಿ ಅಂದಿದಾನೆ ಮಗಳೇ," ಎಂದರು. "ಬಹಳ ನಿಶ್ಶಬ್ದವಾಗಿದ್ಯಂತೆ. ನಿಶ್ಶಬ್ದ ತಗೊಂಡು ನಾನೇನು ಮಾಡ್ಲಿ, ಹೇಳು? ಸತ್ತ ಮೇಲೆ ಅದು ಪುಕ್ಕಟೆ ಸಿಗತ್ತೆ."

ಈಗ ನಮ್ಮ ಬೇಡಿಕೆ. ತೆರವಿನ ನೋಟಿಸನ್ನು ಹಿಂಪಡೆಯಿರಿ. ಲಾರಿ ಬರುವುದು ನಮ್ಮ ಬಾಗಿಲಲ್ಲಿ ಹನ್ನೊಂದು ನಿಮಿಷ ಮೊದಲೇ ಗೊತ್ತಾಗಲಿ; ಗಂಟೆಯನ್ನು ದೊನ್ ಫಿದೆನ್ಸಿಯೊ ಅವರ ಕೈಗೆ ಮರಳಿಸಿ. ಆಮೇಲೂ ಅಂಗಳದಲ್ಲಿ ಒಂದೇ ಒಂದು ಚೀಲ ಉಳಿದರೆ, ನಿಮ್ಮ ಪರಿವೀಕ್ಷಕರ ಹತ್ತನೆಯ ಚಿತ್ರಕ್ಕೆ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ.

ಬಾರಿಸಿದರೆ ಕೆಲಸದಿಂದ ತೆಗೆಯುತ್ತೇವೆ ಎಂದು ದೊನ್ ಫಿದೆನ್ಸಿಯೊ ಅವರಿಗೆ ಹೇಳಿದ್ದೀರಿ. ಅದಕ್ಕೇ ಅವರು ಗಂಟೆಯನ್ನು ನಮ್ಮ ಬಾಗಿಲೊಳಗಿನ ಗ್ವಾದಲೂಪೆ ಮಾತೆಯ ಪ್ರತಿಮೆಯಿರುವ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿ ಹೋಗಿದ್ದಾರೆ. "ನನ್ ಹತ್ರ ಇದ್ರೆ ಕೈ ಸುಮ್ನಿರಲ್ಲ," ಎಂದರು. ನಿಮ್ಮ ಆದೇಶವನ್ನು ನಾನು ಮೂರು ಸಲ ಓದಿದ್ದೇನೆ. ಓದುವುದೊಂದೇ ನನಗೆ ಬರುವ ವಿದ್ಯೆ. ಕಸದ ಸಿಬ್ಬಂದಿ ಗಂಟೆ ಬಾರಿಸಬಾರದು ಎಂದಿದೆ. ನಿವಾಸಿಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ಇಂದು ಸಂಜೆ ಅದನ್ನು ಕೆಳಗಿಳಿಸಿ ಧೂಳು ಒರೆಸಿದೆ. ನಾನೆಣಿಸಿದ್ದಕ್ಕಿಂತ ಭಾರವಿದೆ. ನಾಳೆ ಆರು ಗಂಟೆಗೆ ಹಿಂದಿನ ಬೀದಿಯ ತಿರುವಿನಲ್ಲಿ ಲಾರಿಯ ದಾರಿ ಕಾಯುತ್ತೇನೆ. ಅದು ಕಂಡೊಡನೆ ಓಡಿಬಂದು, ಮೊದಲು ಒಬ್ದೂಲಿಯಾ ಅವರ ಕಿಟಕಿಯ ಕೆಳಗೆ, ಆಮೇಲೆ ಇಡೀ ಬೀದಿಗೆ, ಬಾರಿಸುತ್ತೇನೆ.

ಇಂತಿ,
ತಿಳಿಯದೇ ನಿಮ್ಮ ನಿಶ್ಶಬ್ದಕ್ಕೆ ಜಾಹೀರಾತು ಬರೆದವಳು,
ಅರಾಸೆಲಿ ತೆಹೇದಾ
ಏಳನೇ ಮನೆ (ಗುಬ್ಬಿಯಷ್ಟೇ ಕಸ)