ಬಳೆಗಾರನ ನಕ್ಷೆ

ನವೆಂಬರ್ 4, ಬೆಳಿಗ್ಗೆ 6.30

"ಚುಕ್ಕಿ ಎಣಿಸಿದವನಿಗೆ ಆಕಾಶ ಸಿಕ್ಕಲಿಲ್ಲ" — ಎಲ್ಲಿ ಓದಿದ್ದು? ಸಿಕ್ಕಲಿಲ್ಲವೋ, ಸಿಕ್ಕಿತೋ? ಮುಂದಿನ ಸಾಲು ಬರುತ್ತಿಲ್ಲ. ಎಣಿಸದೆ ಕೂತವನಿಗೆ ತಾನೆ ಏನು ಸಿಕ್ಕಿತು?

ಚಹಾ. ಟ್ಯಾಬ್ ಚಾರ್ಜಿಗೆ. ಉಮದಿ ಸುತ್ತಲಿನ ನಕ್ಷೆ ಮುಗಿಯಿತು. ಒಬ್ಬೊಬ್ಬ ಬಸುರಿಗೆ ಒಂದೊಂದು ಚುಕ್ಕೆ. ತಪಾಸಣೆ ಸಿಗದ ಬಸುರಿಯರು ಹೆಚ್ಚಿದ್ದಲ್ಲಿ ಕೆಂಪು. ನಮ್ಮ ಸಂಸ್ಥೆಯ ದವಾಖಾನೆ ಗಾಡಿ ವಾರಕ್ಕೊಮ್ಮೆ ಹೋಗುವುದು ಅಲ್ಲಿಗೇ. ಬಾಲಗಾಂವ, ಕರಜಗಿ ನಡುವೆ ಹೊಲದಲ್ಲೇ ಮನೆ ಕಟ್ಟಿಕೊಂಡಿರುವ ವಸ್ತಿಗಳೆಲ್ಲ ಬಿಳಿ. ಅಲ್ಲಿ ಚಿಂತೆಯಿಲ್ಲ. ನೋಡಿ ನೋಡಿ ಖುಷಿಪಟ್ಟೆ.

ನವೆಂಬರ್ 5, ಸಂಜೆ

ಆಶಾ ಕಾರ್ಯಕರ್ತೆ ಮೆಹಬೂಬಿಗೆ ನಕ್ಷೆ ತೋರಿಸಿದೆ. ಬಿದ್ದು ಬಿದ್ದು ನಕ್ಕಳು.

"ಅಕ್ಕಾರ, ನಿಮ್ಮ ನಕ್ಷಾದಾಗ ಬಸರ ಹೆಂಗಸು ಹಡಿಯೂತನಾ ಗಂಡನ ಮನ್ಯಾಗ ಕುಂತಿರತಾಳೇನ್ರಿ? ನೀವ ಎಲ್ಲಿ ಹಡದೀರಿ?"

ತವರಿನಲ್ಲಿ. ಏಳನೇ ತಿಂಗಳಿಗೇ ಹೋಗಿದ್ದೆ. ಎಂ.ಎ. ಓದಿದವಳು, ಎಲ್ಲರ ಚುಕ್ಕೆಯನ್ನೂ ಗಂಡನ ಮನೆಯಲ್ಲಿಟ್ಟು ಕೂತೆ! ತವರಿಗೆ ಬಂದ ಮಗಳ ಹೆಸರು ಈ ಊರಿನ ಪಟ್ಟಿಯಲ್ಲಿಲ್ಲ. ಹೆಸರಿರುವ ಊರಿನಲ್ಲಿ ಅವಳಿಲ್ಲ.

ನವೆಂಬರ್ 6

ಮೆಹಬೂಬಿ ಸ್ಕೂಟಿಯಲ್ಲಿ ಸಿದ್ದಲಿಂಗವ್ವನ ವಸ್ತಿಗೆ ಒಯ್ದಳು — ನನ್ನ ಬಿಳಿಯ ನಟ್ಟನಡುವೆ. ಮಗಳು ಶೈಲಾ. ಗಡಿಯಾಚೆ ಇಂಡಿ ಕಡೆ ಕೊಟ್ಟಿದ್ದಾರೆ. ಚೊಚ್ಚಲು, ಎಂಟನೇ ತಿಂಗಳು. ಕಾಲು ಬಾತಿವೆ. ಎರಡು ತಿಂಗಳಿಂದ ತಪಾಸಣೆ ಇಲ್ಲ.

"ನಾ ಐದ ಹಡದೀನ್ರಿ. ಕಾಲ ಬಾಯೂದೇನ ಹೊಸಾದ?" — ಸಿದ್ದಲಿಂಗವ್ವ.

"ನಿನ್ನ ಕಾಲದಾಗ ಬಿಪಿ ಮಷೀನ ಇರಲಿಲ್ಲ ಯವ್ವಾ, ಅದಕ್ಕ ನಿನಗ ಬಿಪಿನೂ ಇರಲಿಲ್ಲ," ಅಂದಳು ಮೆಹಬೂಬಿ, ಶೈಲಾಳ ತೋಳಿಗೆ ಪಟ್ಟಿ ಸುತ್ತುತ್ತ.

150/100. ನಗು ನಿಂತಿತು.

ಜತ್ತದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಗುಳಿಗೆ ಕೊಟ್ಟರು. ವಾರವಾರ ರಕ್ತ, ಮೂತ್ರ, ಬಿಪಿ ನೋಡಲೇಬೇಕು, ಏರಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಅಂದರು ಡಾಕ್ಟರು. ವಸ್ತಿಯಿಂದ ಬಸ್ಸಿನ ರಸ್ತೆಗೇ ಎರಡು ಮೈಲು ನಡೆಯಬೇಕು. ಈ ಕಾಲಿನಲ್ಲಿ?

ನಮ್ಮ ಆಫೀಸಿಗೆ ಫೋನ್ ಮಾಡಿದೆ. "ಒಬ್ಬಾಕಿ ಸಲುವಾಗಿ ಗಾಡಿ ರೂಟ್ ಬದಲಾಗೂದಿಲ್ರಿ ಮೇಡಂ. ಹತ್ತ ಚುಕ್ಕಿ ತೋರಸ್ರಿ, ಸೋಮವಾರದೊಳಗ."

ಹತ್ತು! ಯಾವ ಮನೆಗೆ ಮಗಳು ಬಂದಿದ್ದಾಳೆಂದು ಯಾವ ರಜಿಸ್ಟರ್ ಹೇಳುತ್ತದೆ...

ನವೆಂಬರ್ 8

ಬಳೆಗಾರ ಇಮಾಮ ಹೇಳುತ್ತಾನೆ!

ರೊಟ್ಟಿ ಬಡಿಯುವಾಗ ಹೊಳೆಯಿತು. ಶೈಲಾಳ ಕೈತುಂಬ ಹಸಿರು ಬಳೆ. ತವರಿನವರು ಸೀಮಂತದ ಕುಬಸ ಮಾಡುವಾಗ ಬಳೆಗಾರನನ್ನು ಮನೆಗೇ ಕರೆಸಿ ಬಸುರಿಗೆ ಬಳೆ ಇಡಿಸುತ್ತಾರೆ. ಈ ಸುತ್ತಿನ ವಸ್ತಿಗಳಿಗೆಲ್ಲ ಇಮಾಮನೊಬ್ಬನೇ.

ಅವನನ್ನು ಹುಡುಕಿ, ಟ್ಯಾಬಿನಲ್ಲಿ ಆಕಾಶದಿಂದ ತೆಗೆದ ವಸ್ತಿಗಳ ಚಿತ್ರ ತೋರಿಸಿದೆ. ಮೊದಲು ಬೆರಗು. ಆಮೇಲೆ ಅವನ ಬೆರಳು ಓಡಿತು.

"ಇದ ಬೇವಿನ ಗಿಡ ನೋಡ್ರಿ. ಬಾಜೂ ಮನ್ಯಾಗ ಎರಡ ಡಜನ್ ಬಳಿ ಇಟ್ಟೀನಿ, ಕೈ ಭಾಳ ಮೆತ್ತಗ. ಇಲ್ಲಿ ಅಕ್ಕ ತಂಗಿ ಇಬ್ಬರೂ ಬಂದಾರ. ಇಲ್ಲಿ ನಾಯಿ ಕಡೀತೈತಿ, ಬರಕೋರಿ."

"ನಾಯೀದು ಎದಕ್ಕೋ?"

"ನರ್ಸಬಾಯಾರು ಸೀರಿ ಎತ್ತಿ ಓಡೂದು ಚಂದ ಕಾಣೂದಿಲ್ರಿ."

ಹದಿನೇಳು ಹೆಂಗಸರು. ಒಂದು ಕಾಗದವಿಲ್ಲ, ಎಲ್ಲ ಅವನ ತಲೆಯಲ್ಲೇ.

ನವೆಂಬರ್ 10

ಎರಡು ದಿನ ವಸ್ತಿ ವಸ್ತಿ ತಿರುಗಿದೆವು. ಅವರನ್ನು ಕೇಳದೆ ಯಾರ ಚುಕ್ಕೆಯನ್ನೂ ಇಡಲಿಲ್ಲ. ಇಬ್ಬರು ಬೇಡವೆಂದರು. ಒಬ್ಬಳು ಆಗಲೇ ಹಡೆದಿದ್ದಳು. ಉಳಿದದ್ದು ಹದಿನಾಲ್ಕು. ನಾಯಿಯ ಮಾತೂ ನಿಜ — ಮೆಹಬೂಬಿಯ ಚಪ್ಪಲಿ ಹೋಯಿತು.

ಮಧ್ಯಾಹ್ನ ಹೊಸ ನಕ್ಷೆ ಆಫೀಸಿಗೆ ಕಳಿಸಿದೆ. ಬಿಳಿ ಇದ್ದಲ್ಲೆಲ್ಲ ಕೆಂಪು! ಕೆಂಪು ಕಂಡು ಇಷ್ಟು ಹಿಗ್ಗಿದ್ದು ಇದೇ ಮೊದಲು. ಬುಧವಾರದಿಂದ ಗಾಡಿ.

ನವೆಂಬರ್ 12

ಸಿದ್ದಲಿಂಗವ್ವನ ಅಂಗಳದಲ್ಲಿ ಗಾಡಿ. ಹನ್ನೊಂದು ಜನ ಬಂದರು. ಎಲ್ಲರೂ ಒಟ್ಟಿಗೆ ಮಾತು, ಎಲ್ಲರ ಕೈಯಲ್ಲೂ ಬಳೆ — ನರ್ಸಿಗೆ ಹೆಸರೇ ಕೇಳಿಸದು. ಹುರಿದ ಶೇಂಗಾ, ಬೆಲ್ಲ. ಶೈಲಾ 140/90. ಇಳಿದಿದೆ. ಇಳಿದಿದೆ!

ಡಿಸೆಂಬರ್ 3, ಮಧ್ಯಾಹ್ನ

ಇಷ್ಟು ದಿನ ಬರೆಯಲು ಬಿಡುವಿರಲಿಲ್ಲ. ಇವತ್ತು ನಾಲ್ಕನೇ ಗಾಡಿ. ಶೈಲಾ 170/110. ತಲೆನೋವು, ಕಣ್ಣು ಮಂಜು ಅಂದಳು. ಗಾಡಿಯಲ್ಲೇ ಮಲಗಿಸಿಕೊಂಡು ಜತ್ತಕ್ಕೆ ಹೋದರು. ಮೆಹಬೂಬಿ ಜೊತೆಗಿದ್ದಾಳೆ. ಹತ್ತುವಾಗ ಸಿದ್ದಲಿಂಗವ್ವ ನನ್ನ ಕೈ ಹಿಡಿದಳು. "ಐದ ಹಡದೀನಂತ ಸೊಕ್ಕಿಲೆ ಮಾತಾಡಿದ್ದೆ, ಬಾಯಾರ..."

ಡಿಸೆಂಬರ್ 4, ಬೆಳಿಗ್ಗೆ 7

ಸುದ್ದಿಯಿಲ್ಲ. ಮೆಹಬೂಬಿಯ ಫೋನ್ ಸ್ವಿಚ್ ಆಫ್. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಕವಿತೆಯ ಪುಸ್ತಕ ಹಿಡಿದರೆ ಒಂದು ಪುಟವನ್ನೇ ಮೂರು ಸಲ ಓದುತ್ತಿದ್ದೇನೆ. ನಿನ್ನೆ ಗಾಡಿ ಹೋಗದೇ ಇದ್ದಿದ್ದರೆ — ಬೇಡ, ಅದನ್ನು ಬರೆಯುವುದಿಲ್ಲ.

ಬಾಗಿಲಲ್ಲಿ ಪಕ್ಕದ ಮನೆಯ ಹಾಲವ್ವ. ಹಿಟ್ಟಿನ ಕೈಯಲ್ಲೇ ಫೋನ್.

"ಬಾಯಾರ, ಮೆಹಬೂಬಿ ನನಗ ಫೋನ್ ಹಚ್ಯಾಳ್ರಿ, ಸಿದ್ದಲಿಂಗವ್ವನ ಫೋನಿಂದ. ನಿಮ್ಮ ಫೋನ್ ಹತ್ತವಲ್ದಂತ. ಹೆಣ್ಣ ಕೂಸು! ಎರಡೂ ಜೀವ ಚಲೋ ಅದಾವಂತ, ಬಾಣಂತಿ ಆಗಳೇ ಚಾ ಬೇಡಾಕತ್ತಾಳಂತ. ಬರಿಯೂದ ಬಿಡ್ರಿ, ಲಗೂನ ಏಳ್ರಿ, ಜತ್ತ ಬಸ್ಸ—"