ಪರವಾಗಿಲ್ಲ ಎನ್ನುವ ಮನೆ

ಟ್ರೆಯೋರ್ಕಿ, ರೋಂಡಾ ಕಣಿವೆ
ಅಕ್ಟೋಬರ್ ೧೪, ಮಧ್ಯಾಹ್ನ

ಪ್ರೀತಿಯ ತಮ್ಮ ಎಮ್ಲಿನ್‌ಗೆ,

ಹೇಗಿದ್ದೀಯ ಎಂದು ಮೊದಲು ಕೇಳಬೇಕು, ಕೇಳಿದ್ದೇನೆ. ನಿನ್ನ ಉತ್ತರವೂ ಗೊತ್ತು, ಪರವಾಗಿಲ್ಲ ಅನ್ನುತ್ತೀಯ. ನಮ್ಮ ಮನೆಯಲ್ಲಿ ಅದೇ ತಾನೆ ವಾಡಿಕೆ. ಎದೆ ತುಂಬ ಗಣಿಯ ಧೂಳು ಕೂತು ಉಸಿರು ಸೀಟಿ ಹೊಡೆಯುತ್ತಿದ್ದಾಗಲೂ ಅಪ್ಪ ಬಾಗಿಲಿಗೆ ಬಂದವರಿಗೆಲ್ಲ ‘ಪರವಾಗಿಲ್ಲಪ್ಪ, ನಡೀತಾ ಇದೆ’ ಅನ್ನುತ್ತಿದ್ದ. ಶೆಟ್ಲೆಂಡಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ದೇಶದ ನೆತ್ತಿಯ ಮೇಲೆ ಹೋಗಿ ಕುಳಿತ ಮಹಾರಾಯ, ಹಡಗಿನ ಎಂಜಿನ್ ಕೋಣೆಯಿಂದ ಬೆವತು ಹೊರಗೆ ಬರುವಾಗ ಕುತ್ತಿಗೆಗೆ ಮಫ್ಲರ್ ಸುತ್ತಿಕೋ. ನನ್ನ ಕೈ ಈಗ ನನ್ನ ಮಾತು ಕೇಳುವುದಿಲ್ಲವಾದ್ದರಿಂದ, ನಾನು ಹೇಳಿದ್ದನ್ನು ಪಕ್ಕದ ಮನೆಯ ಬೆಟಿ ಬರೆಯುತ್ತಿದ್ದಾಳೆ. ‘ನನ್ ಬಗ್ಗೆನೂ ಎರಡು ಒಳ್ಳೆ ಮಾತು ಹೇಳೇ’ ಅನ್ನುತ್ತಿದ್ದಾಳೆ. ತಾಳು, ಅದೂ ಬರುತ್ತದೆ.

ಕಾಯಿಲೆಯವರಿಗೆ ಸರ್ಕಾರ ಕೊಡುವ ಭತ್ಯೆಯ ವಿಷಯ ಹೇಳಬೇಕಲ್ಲ. ಹೋದ ವರ್ಷ ನನ್ನನ್ನು ಪರೀಕ್ಷಿಸಲು ಇಲಾಖೆಯವರು ಒಬ್ಬ ಹುಡುಗಿಯನ್ನು ಮನೆಗೆ ಕಳಿಸಿದ್ದರು. ಮನೆಗೆ ಜನ ಬರುತ್ತಾರೆ ಎಂದರೆ ನಾವೇನು ಮಾಡುತ್ತೇವೆ ಹೇಳು? ಹಿಂದಿನ ದಿನವೆಲ್ಲ ಬಿದ್ದು ಎದ್ದು ಮನೆ ಒರೆಸಿದೆ, ಹೊಸ್ತಿಲು ಉಜ್ಜಿದೆ. ಅಮ್ಮನ ಮದುವೆಯ ಪಿಂಗಾಣಿ ಬಟ್ಟಲುಗಳಲ್ಲಿ ಒಂದನ್ನು ಕೈಜಾರಿ ಒಡೆದು ಚೂರುಗಳನ್ನು ಕಪಾಟಿನಲ್ಲಿ ಬಚ್ಚಿಟ್ಟೆ. ಚರ್ಚಿಗೆ ಹೋಗುವ ನೀಲಿ ಉಡುಪು ತೊಟ್ಟು, ಮುಂದಿನ ಕೋಣೆಯಲ್ಲಿ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಅಡುಗೆ ಹೇಗೆ ಮಾಡ್ಕೋತೀರಿ ಎಂದಳು, ಪರವಾಗಿಲ್ಲಮ್ಮ ಎಂದೆ. ಸ್ನಾನ? ಹೇಗೋ ನಡೀತಿದೆ. ನಡಿಗೆ? ದೂರೋ ಹಾಗೇನಿಲ್ಲ. ಪಾಪ, ಕೇಕು ತಿಂದು, ಮನೆ ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿ ಹೋದಳು. ಭತ್ಯೆ ಮಂಜೂರಾಯಿತು, ಆದರೆ ಎರಡೇ ವರ್ಷಕ್ಕೆ. ಸುಧಾರಿಸುವ ಸಾಧ್ಯತೆ ಇದೆಯಂತೆ, ಆಮೇಲೆ ಮತ್ತೆ ಪರೀಕ್ಷೆಯಂತೆ. ಅಜ್ಜನಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಇಳಿದು ಬಂದ, ಕೈಕಾಲು ತಾವಾಗಿಯೇ ಕುಣಿಯುವ ಈ ಹಂಟಿಂಗ್ಟನ್ ಕಾಯಿಲೆ ಎರಡು ವರ್ಷದಲ್ಲಿ ಸುಧಾರಿಸುತ್ತದಂತೆ! ನೆಗಡಿ ಎಂದುಕೊಂಡರೋ ಏನೋ.

ನಗು ಬಂತು, ಆಮೇಲೆ ಭಯವಾಯಿತು. ನನಗೆ ಉಳಿದಿರುವ ಒಳ್ಳೆಯ ದಿನಗಳೇ ಕಡಿಮೆ. ಅವನ್ನೂ ನನಗೆ ಕಾಯಿಲೆಯಿದೆ ಎಂದು ಸಾಬೀತು ಮಾಡುವುದರಲ್ಲೇ ಕಳೆಯಬೇಕೇ? ಅವಧಿ ಸಾಲದು ಎಂದು ಮೇಲ್ಮನವಿ ಹಾಕಿದೆ. ಆದರೆ ಅದರಲ್ಲೊಂದು ಪೇಚಿತ್ತು. ಅವಧಿಯನ್ನಷ್ಟೇ ಕೇಳಿದರೂ ನ್ಯಾಯಮಂಡಳಿಯವರು ಇಡೀ ಭತ್ಯೆಯನ್ನೇ ಹೊಸದಾಗಿ ನೋಡಬಹುದು, ಇರುವುದನ್ನೂ ಕಿತ್ತುಕೊಳ್ಳಬಹುದು. ‘ಸುಮ್ನಿರೋ ಹಾವನ್ನ ಯಾಕೆ ತುಳೀತೀಯೆ’ ಎಂದು ಇದೇ ಬೆಟಿ ಬೈದಿದ್ದಳು. ಆಗಸ್ಟಿನ ಹೊತ್ತಿಗೆ ನಾನೂ ಹಿಂತೆಗೆದುಕೊಳ್ಳೋಣ ಎಂದುಕೊಂಡಿದ್ದೆ.

ಆಗ ಅಮ್ಮ ಬಂದಳು. ಹೌದು, ತೀರಿಹೋದ ಅಮ್ಮನೇ, ನಗಬೇಡ. ಕೆಳಗೆ ಆಲೂಗಡ್ಡೆ ಸುಲಿಯುತ್ತ ಕುಳಿತಿದ್ದೆ. ಮೇಲೆ ಅಮ್ಮನ ಕೋಣೆಯಲ್ಲಿ, ಅವಳ ಹಿಮ್ಮಡಿ ಮಂಚದ ಹಲಗೆಗೆ ಬಡಿಯುವ ಸದ್ದು ಕೇಳಿಸಿತು. ಎರಡು ಬಡಿತ, ಒಂದಿಷ್ಟು ಮೌನ, ಮತ್ತೆ ಒಂದು. ಆ ಸದ್ದು ಕೇಳುತ್ತಲೇ ನಾವಿಬ್ಬರೂ ದೊಡ್ಡವರಾದದ್ದಲ್ಲವೇ? ನನ್ನ ಪಾದಗಳನ್ನು ನೋಡಿಕೊಂಡೆ, ಅವು ಆ ಗಳಿಗೆಯಲ್ಲಿ ಅಲುಗುತ್ತಿರಲಿಲ್ಲ. ಬೆಟಿಗೆ ಹೇಳಿದರೆ ‘ಹಳೇ ಮನೆ ಕಣೇ, ಪೈಪು ಬಡ್ಕೊಳ್ತಿರತ್ತೆ’ ಎಂದಳು. ಅಂದಿನಿಂದ ಈ ಮನೆಯಲ್ಲಿ ಒಬ್ಬಳೇ ಕುಳಿತಾಗಲೆಲ್ಲ ನನ್ನ ಕಿವಿ ಮೇಲೆಯೇ ಇರುತ್ತದೆ. ಹಿಂತೆಗೆದುಕೊಳ್ಳುವ ಯೋಚನೆಯನ್ನು ಅಂದೇ ಬಿಟ್ಟೆ.

ಹೋದ ಮಂಗಳವಾರ ಕಾರ್ಡಿಫ್‌ನಲ್ಲಿ ವಿಚಾರಣೆ. ಮೇಜಿನಾಚೆ ಮೂವರು, ನಡುವೆ ನ್ಯಾಯಾಧೀಶೆ, ಒಂದು ಕಡೆ ವಯಸ್ಸಾದ ಡಾಕ್ಟರು, ಇನ್ನೊಂದು ಕಡೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು. ನ್ಯಾಯಾಧೀಶೆ ಒಳ್ಳೆಯವಳು. ‘ನೋಡಿಮ್ಮಾ, ಮುಂದುವರಿದ್ರೆ ಇರೋದೂ ಹೋಗ್ಬಹುದು. ಯೋಚ್ನೆ ಮಾಡಿ’ ಎಂದಳು. ಮುಂದುವರಿಸಿ ಎಂದೆ. ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರು. ಪರವಾಗಿಲ್ಲ ಎಂಬುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು, ಬೆಟಿ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ನೋಡು ಬೆಟಿ, ನಿನ್ನ ಬಗ್ಗೆ ಒಳ್ಳೆಯ ಮಾತು ಇದೇ, ಬರೆದುಕೋ. ಚಿವುಟಿದ ಆ ನೋವಿಗೆ ಬಾಯಿ ಬಿಚ್ಚಿತು. ತೊಡೆಯ ಕೆಳಗಿನಿಂದ ಕೈ ತೆಗೆದೆ, ಅವು ತಮ್ಮ ಪಾಡಿಗೆ ಕುಣಿಯಲಿ ಎಂದು ಬಿಟ್ಟೆ. ಒಡೆದ ಬಟ್ಟಲಿನ ವಿಷಯ ಹೇಳಿದೆ. ಊಟ ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನು ಹೇಳಿದೆ. ‘ನಿಮ್ ತಾಯಿ ಕೊನೇಲಿ ಹೇಗಿದ್ರು’ ಎಂದು ಡಾಕ್ಟರು ಕೇಳಿದಾಗ, ನಾವು ಯಾರಿಗೂ ಹೇಳದಿದ್ದುದನ್ನೂ ಹೇಳಿದೆ. ಕುರ್ಚಿಯಿಂದ ಬೀಳದಿರಲೆಂದು ನೀನೂ ನಾನೂ ಅವಳನ್ನು ಅವಳದೇ ಶಾಲಿನಿಂದ ಕಟ್ಟುತ್ತಿದ್ದುದು, ಚರ್ಚಿನಲ್ಲಿ ಜನ ಅವಳು ಕುಡಿದಿದ್ದಾಳೆಂದು ಬೆಂಚು ಬಿಟ್ಟು ಏಳುತ್ತಿದ್ದುದು. ಹೇಳುತ್ತ ಹೇಳುತ್ತ, ನಾನು ಹೇಳುತ್ತಿರುವುದು ನನ್ನ ಮುಂದಿನ ದಿನಗಳನ್ನೇ ಎಂದು ಹೊಳೆಯಿತು. ಒಡಹುಟ್ಟಿದವರು ಇದ್ದಾರೆಯೇ ಎಂದರು. ತಮ್ಮ ಇದ್ದಾನೆ ಸಾರ್, ಪರವಾಗಿಲ್ಲ, ಚೆನ್ನಾಗಿದ್ದಾನೆ ಎಂದೆ.

ಗೆದ್ದೆ, ಎಮ್ಲಿನ್. ಹತ್ತು ವರ್ಷ ಯಾರೂ ಬಂದು ಕಾಡುವುದಿಲ್ಲ. ಈ ಕಾಯಿಲೆ ಹೋಗುವ ದಿಕ್ಕು ಒಂದೇ ಎಂದು ಮೂವರೂ ಒಪ್ಪಿದರು. ಬೆಟಿ ಅಪ್ಪಿಕೊಂಡು ಕುಣಿದಾಡಿದಳು. ನಾನು ವಾಸಿಯಾಗುವುದಿಲ್ಲ ಎಂದು ತೀರ್ಮಾನವಾದ ಸಂಭ್ರಮಕ್ಕೆ ಇಬ್ಬರೂ ಬೇಕರಿಗೆ ಹೋಗಿ ಕೇಕು ತಿಂದೆವು. ಬಸ್ಸಿನಲ್ಲಿ ಮಾತ್ರ ಅಳು ತಡೆಯಲಾಗಲಿಲ್ಲ.

ಅಮ್ಮನ ಸಮಾಧಿಗೆ ನಿನ್ನ ಹೆಸರಿನಲ್ಲೂ ಹೂವಿಟ್ಟು ಬಂದೆ. ಅವಳನ್ನು ಮಣ್ಣು ಮಾಡಿದ ದಿನ ಅಲ್ಲೇ ನಿಂತು ನೀನು ‘ಅಕ್ಕಾ, ನಾನು ಈ ಕಾಯಿಲೆ ಟೆಸ್ಟ್ ಮಾಡ್ಸಲ್ಲ. ನಂಗೆ ಗೊತ್ತಾಗೋದೇ ಬೇಡ. ನಿಂಗೇನಾದ್ರೂ ಕಂಡ್ರೂ ಹೇಳ್ಬೇಡ’ ಎಂದಿದ್ದೆ. ನಾನು ಹೂಂ ಎಂದಿದ್ದೆ. ಅದು ಯಾಕೋ ನೆನಪಾಯಿತು. ಹೊಟ್ಟೆ ತುಂಬ ಉಣ್ಣು, ಹಡಗಿನ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಡೆ. ದೇವರು ನಿನ್ನ ತಲೆ ಕಾಯಲಿ. ಬೆಟಿಯೂ ನಿನ್ನನ್ನು ಕೇಳಿದ್ದಾಳೆ.

ನಿನ್ನ ಅಕ್ಕ,
ನೆಸ್ತಾ

ತಾ.ಕ. ಬೆಟಿ ಲಕೋಟೆ ತರಲು ಮನೆಗೆ ಹೋಗಿದ್ದಾಳೆ. ಇದು ನನ್ನ ಕೈಬರಹ, ಕಷ್ಟಪಟ್ಟು ಓದು. ಬಂದದ್ದು ಅಮ್ಮನಲ್ಲ, ಬೆಟಿಯ ಎದುರು ಹಾಗೆ ಹೇಳಿದೆ. ಆ ಸದ್ದು ಕೇಳಿಸಿದ್ದು ಆಗಸ್ಟಿನಲ್ಲಿ ನೀನು ಇಲ್ಲಿದ್ದ ವಾರ ಮಾತ್ರ. ಆಲೂಗಡ್ಡೆ ಬಿಟ್ಟು, ಕೂತುಕೊಂಡೇ ಒಂದೊಂದು ಮೆಟ್ಟಿಲು ಹತ್ತಿ ಬಂದೆ. ಬಾಗಿಲು ಅರ್ಧ ತೆರೆದಿತ್ತು. ನೀನು ಅಮ್ಮನ ಮಂಚದಲ್ಲಿ ಮಲಗಿ ಪೇಪರು ಓದುತ್ತಿದ್ದೆ, ನಿನ್ನ ಹಿಮ್ಮಡಿ ಹಲಗೆಗೆ ಬಡಿಯುತ್ತಿತ್ತು. ನಿನಗೆ ಗೊತ್ತೇ ಇರಲಿಲ್ಲ. ನಾನು ಹಾಗೇ ಇಳಿದು ಹೋದೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ, ಏಕೆಂದರೆ ನೀನಿರುವುದು ಎಂಜಿನ್‌ಗಳ ನಡುವೆ, ಅಲ್ಲಿ ಕೈಕಾಲು ತಪ್ಪಿದರೆ ಉಳಿಗಾಲವಿಲ್ಲ. ಡಾಕ್ಟರ ಹತ್ತಿರ ಹೋಗು, ಆಮೇಲೆ ಮನೆಗೆ ಬಾ. ನಿನಗೂ ಬೇಕಾದೀತೆಂದೇ ಮೇಲ್ಮನವಿ ಹಿಂತೆಗೆಯಲಿಲ್ಲ, ಈ ದಾರಿಯೆಲ್ಲ ಈಗ ನನಗೆ ಗೊತ್ತು, ಜೊತೆಗೆ ಬರುತ್ತೇನೆ, ನಾನೇ ತೊಡೆ ಚಿವುಟುತ್ತೇನೆ. ಬೆಟಿ ಬಂದಳು. ಹೇಗಿದ್ದೀಯ, ಎಮ್ಲಿನ್? ಪರವಾಗಿಲ್ಲ ಅನ್ನಬೇಡ.