ಆಟಕ್ಕೆ ಇಪ್ಪತ್ತು ನಿಮಿಷ ಮುಂಚೆ

ಜನವರಿ 12, ಭಾನುವಾರ, ಮಧ್ಯಾಹ್ನ 2

ಬೆಳಿಗ್ಗೆ ಎರಡು ಮ್ಯಾಚ್. ಎರಡೂ ಹೈಸ್ಕೂಲ್ ಹುಡುಗಿಯರ ಬಾಸ್ಕೆಟ್‌ಬಾಲ್. ಮೊಣಕಾಲು ಹಿಡಿದುಕೊಂಡಿದೆ. ಗ್ಯಾಲರಿಯಿಂದ ಯಾರದೋ ಅಪ್ಪ ಕೂಗಿದರು, "ರೆಫರೀ, ಕಣ್ಣು ಕಾಣಲ್ವಾ? ಕನ್ನಡಕ ಹಾಕ್ಕೊಳ್ಳಿ!" ಮ್ಯಾಚ್ ಮುಗಿದ ಮೇಲೆ ನೇರ ಅವರ ಹತ್ತಿರ ಹೋಗಿ ನಮ್ಮ ಅಂಗಡಿಯ ಕಾರ್ಡ್ ಕೊಟ್ಟೆ. "ವಾರವಿಡೀ ನಾನು ಮಾರೋದು ಅದನ್ನೇ. ಬನ್ನಿ, ನಿಮ್ಮ ನಂಬರ್ ಎಷ್ಟಿದೆ ನೋಡೋಣ." ಪಕ್ಕದಲ್ಲಿದ್ದ ಅವರ ಹೆಂಡತಿಗೆ ನಗು ತಡೆಯಲಾಗಲಿಲ್ಲ.

ಇವತ್ತೂ ಆಟಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಅಂಕಣಕ್ಕೆ ಇಳಿದೆ. ಒಬ್ಬಳೇ. ಉಳಿದ ರೆಫರಿಗಳೆಲ್ಲ ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ನಮ್ಮಲ್ಲಿ ಇದೇ ರೂಢಿ. ಇನ್ನೆರಡು ನಿಮಿಷವಿದೆ ಎನ್ನುವಾಗ ಬಾಯಿ ಒರೆಸಿಕೊಳ್ಳುತ್ತ ಬರುವುದು. ಹಿರಿಯರು — ರೆಫರಿಗಳ ಪ್ಯಾನೆಲ್‌ನಲ್ಲಿ ಎಲ್ಲರಿಗಿಂತ ಸೀನಿಯರ್, ಹಾಗೆಂದೇ ಕರೆಯುತ್ತೇವೆ — ಕಪ್ ಎತ್ತಿ ತೋರಿಸಿದರು. "ಪುಸ್ತಕದಲ್ಲಿ ಏನಿದೆ? ರೆಫರಿ ಇಪ್ಪತ್ತು ನಿಮಿಷ ಮುಂಚೆ ಅಂಕಣಕ್ಕೆ ಬಂದಾಗ ಅಧಿಕಾರ ಶುರು. ಬಂದ್ರೆ ತಾನೇ ಶುರು? ಬರ್ದೇ ಇದ್ರೆ ತಲೆನೋವೇ ಇಲ್ವಲ್ಲಮ್ಮಾ!" ಎಲ್ಲರೂ ಹೋ ಎಂದು ನಕ್ಕರು. ನನಗೆ ‘ಇಪ್ಪತ್ತು ನಿಮಿಷ’ ಎಂದೇ ಅಡ್ಡಹೆಸರು ಇಟ್ಟಿದ್ದಾರೆ.

ಇಟ್ಟರೆ ಇಡಲಿ. ಹೋದ ವರ್ಷದವರೆಗೆ ನಾನೂ ಅದೇ ಕೋಣೆಯಲ್ಲಿ ಅದೇ ಟೀ ಕುಡಿದವಳು. ಒಂದು ದಿನ ವಾರ್ಮ್-ಅಪ್ ನಡೆಯುವಾಗ ಎರಡು ಸ್ಕೂಲಿನ ಹುಡುಗಿಯರು ಬೈದಾಡಿ, ತಳ್ಳಾಡಿ, ಒಬ್ಬಳ ಮುಂದಿನ ಹಲ್ಲು ಹೋಯಿತು. ರಿಪೋರ್ಟಿನಲ್ಲಿ ನಾನೇ ಬರೆದೆ: ‘ಆಟ ಆರಂಭವಾಗಿರಲಿಲ್ಲ. ನಮಗೆ ಸಂಬಂಧಿಸಿದ್ದಲ್ಲ.’ ದುಂಡಗೆ ಬರೆದು ಸಹಿಯನ್ನೂ ಹಾಕಿದೆ. ಆ ಮಗು ಕರ್ಚೀಫಿನಲ್ಲಿ ಹಲ್ಲು ಸುತ್ತಿಕೊಂಡು ನನ್ನ ಎದುರಿಗೇ ಹಾದುಹೋಯಿತು. ಮನೆಗೆ ಬಂದು ನಿಯಮದ ಪುಸ್ತಕ ತೆಗೆದು ಓದಿದೆ. ಹತ್ತು ವರ್ಷದ ರೆಫರಿ ಆಗಲೇ ಮೊದಲ ಸಲ ಸರಿಯಾಗಿ ಓದಿದ್ದು. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಜನವರಿ 19, ಭಾನುವಾರ, ಸಂಜೆ

ಥೂ, ಮಾನ ಹೋಯಿತು!

ವಾರ್ಮ್-ಅಪ್. ನೀಲಿ ಜೆರ್ಸಿಯವಳು ಹಳದಿ ಜೆರ್ಸಿಯವಳ ಕಡೆ ತಿರುಗಿ ನಾಲಿಗೆ ಚಾಚಿ ಅಣಕಿಸಿದಳು. "ಕಪ್ಪೆ, ಕಪ್ಪೆ!" ಎಂದಳು. ನಾನು ಹಿಂದೆ ಮುಂದೆ ನೋಡದೆ ಸೀಟಿ ಊದಿಬಿಟ್ಟೆ. ಟೆಕ್ನಿಕಲ್ ಫೌಲ್, ಅಂದರೆ ಕೆಟ್ಟ ನಡತೆಗೆ ಕೊಡುವ ಫೌಲ್! ಜೋರಾಗಿ ಕೈಸನ್ನೆ ಬೇರೆ.

ಗ್ಯಾಲರಿಯಿಂದ ಒಬ್ಬಾಕೆ ಇಳಿದು ಬಂದರು. "ಮೇಡಂ, ಇಬ್ರೂ ನನ್ನ ಮಕ್ಕಳೇ. ದೊಡ್ಡವಳು ಚಿಕ್ಕವಳನ್ನ ತೊಟ್ಟಿಲಿಂದ ಕಪ್ಪೆ ಅಂತಾನೇ ಕರೆಯೋದು. ಮನೇಲಿ ನೀವು ನೋಡ್ಬೇಕು, ಇದು ಏನೇನೂ ಅಲ್ಲ." ಕಪ್ಪೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಫೌಲ್ ವಾಪಸ್ ತೆಗೆದುಕೊಂಡೆ. ಹಿರಿಯರು ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಮೀಸೆಯಲ್ಲೇ ನಕ್ಕರು. ಅದು ಇನ್ನೂ ಹೆಚ್ಚು ಉರಿಸಿತು.

ಜನವರಿ 22, ಬುಧವಾರ, ಬೆಳಿಗ್ಗೆ 7

ಕಪ್ಪೆಯ ಕಥೆ ಇನ್ನೂ ತಲೆ ತಿನ್ನುತ್ತಿದೆ. ನಮ್ಮ ಯಜಮಾನರ ಹತ್ತಿರ ಹೇಳಿಕೊಂಡೆ. ಇವರದ್ದು ಡ್ರೈವಿಂಗ್ ಸ್ಕೂಲು. ಶೂ ಪಾಲಿಶ್ ಮಾಡುತ್ತ ಹೇಳಿದರು, "ನೋಡು, ಟೆಸ್ಟಿನ ದಿನ ಎಂಜಿನ್ ಸ್ಟಾರ್ಟ್ ಮಾಡೋ ಮುಂಚೇನೇ ಬೆಲ್ಟ್ ಹಾಕ್ದೇ ಇದ್ರೆ ಫೇಲು. ಆದ್ರೆ ಸೀಟು ಹಿಂದೆ ಮುಂದೆ ಮಾಡ್ಕೊಂಡ ಅಂತ ಫೇಲ್ ಮಾಡಕ್ಕಾಗುತ್ತಾ? ಯಾವ್ದ್ರಿಂದ ಇನ್ನೊಬ್ರಿಗೆ ಏಟಾಗುತ್ತೆ ಅಂತ ನೋಡ್ಬೇಕಪ್ಪ."

ಅತ್ತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. "ಅವಳಿಗೆ ಸೀಟಿ ಸಿಕ್ಕಿದ್ರೆ ಸಾಕು, ಕುಕ್ಕರಿಗಿಂತ ಮುಂಚೆ ಕೂಗ್ತಾಳೆ," ಎಂದರು. ಮಗ ಅಮ್ಮ ಇಬ್ಬರೂ ನಕ್ಕರು. ನಾನೂ ನಕ್ಕೆ, ಏನು ಮಾಡುವುದು.

ಆದರೆ ಇವರು ಹೇಳಿದ್ದು ಸರಿ. ಇನ್ನು ಮುಂದೆ ಹೀಗೆ: ಕೂಗಾಟಕ್ಕೆ ಸೀಟಿ ಇಲ್ಲ. ಜಂಬಕ್ಕೆ ಇಲ್ಲ. ಅಳುವವರಿಗಂತೂ ಇಲ್ಲವೇ ಇಲ್ಲ. ಒಬ್ಬಳನ್ನು ಕುಗ್ಗಿಸಲೆಂದೇ ಮಾಡಿದರೆ... ಮೊದಲು ಕೇಳಬೇಕು. ಆಮೇಲೆ ಕಿವಿಯಲ್ಲಿ ಹೇಳಬೇಕು. ಆಮೇಲೂ ಮಾಡಿದರೆ, ಊದಲೇಬೇಕು. ಎದುರಿಗೆ ಯಾರೇ ಇರಲಿ.

ಫೆಬ್ರವರಿ 2, ಭಾನುವಾರ, ಮಧ್ಯಾಹ್ನ 3

ಕ್ರಮವಾಗಿ ಬರೆದಿಡಬೇಕು. ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಂತರಶಾಲಾ ಫೈನಲ್. ಒಂದು ಕಡೆ ನಾಲ್ಕು ವರ್ಷದಿಂದ ಕಪ್ ಬಿಟ್ಟುಕೊಡದ ದೊಡ್ಡ ಸ್ಕೂಲು. ಇನ್ನೊಂದು ಕಡೆ ಮೊದಲ ಸಲ ಫೈನಲ್ಲಿಗೆ ಬಂದ ಸಣ್ಣ ಸ್ಕೂಲು. ಬೆಂಚಿನಲ್ಲಿ ಬರೀ ಮೂವರು. ಅವರ ಕೋಚ್ ಅಂದರೆ ಗಣಿತದ ಟೀಚರ್. ಆಟ ಹತ್ತಕ್ಕೆ. ನಾನು 9.40ಕ್ಕೆ ಇಳಿದೆ.

ಸಣ್ಣ ಸ್ಕೂಲಿನ ಏಳನೇ ನಂಬರ್ ಹುಡುಗಿ ಶಾಟ್ ಪ್ರಾಕ್ಟೀಸಿಗೆ ಎಣಿಕೆ ಹೇಳುತ್ತಿದ್ದಳು. ಬಿದ್ದ ಒಂದೊಂದು ಬಾಸ್ಕೆಟ್ಟಿಗೆ ಒಂದೊಂದು ಅಂಕಿ. ಅವಳಿಗೆ ಮಾತು ತೊದಲುತ್ತದೆ. "ಎ... ಎ... ಎರಡು." ಅವಳ ಟೀಮಿನವರಿಗೆ ಅದು ಅಭ್ಯಾಸವಾಗಿ ಹೋಗಿದೆ, ಯಾರೂ ತಿರುಗಿ ಕೂಡ ನೋಡುವುದಿಲ್ಲ. ದೊಡ್ಡ ಸ್ಕೂಲಿನ ಕ್ಯಾಪ್ಟನ್, ಎತ್ತರದ ಹುಡುಗಿ, ಒಳ್ಳೆಯ ಆಟಗಾರ್ತಿ, ನಡುಗೆರೆಗೆ ಬಂದು ನಿಂತು ತಾನೂ ಎಣಿಸಿದಳು. "ಮೂ... ಮೂ... ಮೂ..." ಅವಳ ಟೀಮು ಕಿಸಕ್ಕೆಂದಿತು. ಏಳರ ಬಾಯಿ ಮುಚ್ಚಿಹೋಯಿತು.

ಕಪ್ಪೆ ನೆನಪಾಯಿತು. ಹೋಗಿ ಕೇಳಿದೆ. "ನಿಮ್ಮಿಬ್ರಿಗೂ ಪರಿಚಯನಾ?" "ಇಲ್ಲ ಮೇಡಂ." ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. "ಇನ್ನೊಂದ್ಸಲ ಮಾಡಿದ್ರೆ ಟೆಕ್ನಿಕಲ್ ಕೊಡ್ತೀನಿ. ಈಗ ನಿಲ್ಲಿಸಿದ್ರೆ ಇದು ನಮ್ಮಿಬ್ರಲ್ಲೇ ಮುಗೀತು." ತಲೆಯಾಡಿಸಿದಳು. ಅವಳ ಕೋಚಿಗೂ ಹೇಳಹೋದೆ. ಆತ ಫೋನಿನಲ್ಲಿದ್ದರು. ನೊಣ ಓಡಿಸುವ ಹಾಗೆ ಕೈ ಬೀಸಿದರು.

9.51. ಏಳನೇ ನಂಬರ್ ಹುಡುಗಿ ಧೈರ್ಯ ಮಾಡಿ ಮತ್ತೆ ಎಣಿಕೆ ಶುರು ಮಾಡಿದಳು. "ಹೆದರಿಬಿಟ್ಯಾ?" ಎಂದು ಗೆಳತಿಯರು ಕ್ಯಾಪ್ಟನ್ನನ್ನು ಕಿಚಾಯಿಸಿದರು. ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಮೊದಲಿಗಿಂತ ಜೋರಾಗಿ ಅಣಕಿಸಿದಳು.

ಊದಿದೆ.

ಹಿರಿಯರು ಕಪ್ ಹಿಡಿದುಕೊಂಡೇ ಓಡಿ ಬಂದರು. ಈ ಮ್ಯಾಚಿಗೆ ನಾವಿಬ್ಬರೇ ರೆಫರಿಗಳು. "ಏನಮ್ಮಾ ಇದು? ಇನ್ನೂ ಚೆಂಡೇ ಎಸೆದಿಲ್ಲ!"

"ಚೆಂಡು ಎಸೆದಿಲ್ಲ ಸರ್, ನಿಜ. ಆದ್ರೆ ಏಟು ಬಿದ್ದಾಗಿದೆ."

"ವಾಪಸ್ ತಗೋ. ಫೈನಲ್ ಇದು. ಸುಮ್ನೆ ಮೈಮೇಲೆ ಎಳ್ಕೋಬೇಡ."

"ತಗೊಳ್ಳಲ್ಲ. ತಪ್ಪಾದ್ರೆ ನನ್ನ ತಲೆಗೇ ಬರ್ಲಿ."

ಆಟ ಶುರುವಾಗುವ ಮೊದಲೇ ಸಣ್ಣ ಸ್ಕೂಲಿಗೆ ಒಂದು ಫ್ರೀ ಥ್ರೋ, ಯಾರೂ ಅಡ್ಡ ಬರುವ ಹಾಗಿಲ್ಲದ ಎಸೆತ. ಅವರ ಟೀಮಿನಲ್ಲಿ ಯಾರು ಬೇಕಾದರೂ ಎಸೆಯಬಹುದು. ಗಣಿತದ ಟೀಚರ್ ಏಳನ್ನೇ ಕಳಿಸಿದರು. ಹಾಲ್ ಎಲ್ಲ ಊಳಿಡುತ್ತಿತ್ತು. ಹುಡುಗಿ ಮೂರು ಸಲ ಚೆಂಡು ಪುಟಿಸಿದಳು. ಎಸೆದಳು. ರಿಂಗಿಗೂ ತಾಗದೆ ಬಲೆಯಲ್ಲಿ ಇಳಿಯಿತು. ಗಡಿಯಾರ ಇನ್ನೂ ಒಂದು ಸೆಕೆಂಡೂ ಓಡಿಲ್ಲ, ಸ್ಕೋರು 1–0!

ಕೊನೆಗೆ 51–50. ಸಣ್ಣ ಸ್ಕೂಲು ಗೆದ್ದಿತು. ಎಂಟು ಹುಡುಗಿಯರೂ ಟೀಚರನ್ನು ಹೊತ್ತುಕೊಳ್ಳಲು ಹೋಗಿ ಎಲ್ಲರೂ ಬಿದ್ದರು. ರೆಫರಿ ನಗಬಾರದು. ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುವ ನೆಪದಲ್ಲಿ ಹೊಟ್ಟೆ ತುಂಬ ನಕ್ಕೆ.

ಫೆಬ್ರವರಿ 4, ಮಂಗಳವಾರ, ಅಂಗಡಿ, ಊಟದ ಹೊತ್ತು

ಅಂದುಕೊಂಡಂತೆಯೇ ಆಯಿತು. ದೊಡ್ಡ ಸ್ಕೂಲು ಅಪೀಲ್ ಹಾಕಿದೆ. ಆಟವೇ ಶುರುವಾಗಿರಲಿಲ್ಲ, ಫೌಲ್ ಸಿಂಧುವಲ್ಲ, ಆ ಒಂದು ಪಾಯಿಂಟ್ ತೆಗೆಯಬೇಕು, ಮ್ಯಾಚ್ ಮತ್ತೆ ಆಡಿಸಬೇಕು. ಜೊತೆಗೆ ನನ್ನ ಹೆಸರನ್ನು ಪ್ಯಾನೆಲ್‌ನಿಂದ ಕಿತ್ತುಹಾಕಬೇಕು. ವಿಚಾರಣೆ 13ಕ್ಕೆ.

ಹನ್ನೊಂದು ವರ್ಷ. ವಾರದ ಆರು ದಿನ ಬೇರೆಯವರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತೇನೆ. ಏಳನೆಯ ದಿನ ಮಾತ್ರ ನನ್ನದು. ಅದನ್ನು ಕಿತ್ತುಕೊಂಡರೆ... ಇಲ್ಲ, ಅದಕ್ಕಿಂತ ಆ ಎಂಟು ಮಕ್ಕಳ ಕೈಯಿಂದ ಕಪ್ ವಾಪಸ್ ತೆಗೆದುಕೊಳ್ಳುತ್ತಾರಲ್ಲ, ಅದನ್ನು ತಡೆಯಲಾಗುತ್ತಿಲ್ಲ.

ಗಿರಾಕಿಗೆ ಎಡಗಣ್ಣಿನ ಲೆನ್ಸ್ ಬಲಗಣ್ಣಿಗೆ ಹಾಕಿಕೊಟ್ಟೆ. ಪಾಪ, ಬಾಗಿಲು ಬಿಟ್ಟು ಗೋಡೆ ಕಡೆ ನಡೆದರು.

ಫೆಬ್ರವರಿ 13, ಗುರುವಾರ, ಸಂಜೆ 5.30

ಒಂಬತ್ತು ದಿನ ಒಂದು ಅಕ್ಷರ ಬರೆಯಲಿಲ್ಲ. ಊಟ ಸೇರುತ್ತಿರಲಿಲ್ಲ. ಇವತ್ತು ಹೊರಡುವಾಗ ಅತ್ತೆ ನನ್ನ ಸೀರೆಯ ನೆರಿಗೆ ಸರಿಮಾಡಿ, "ಗಂಟಲು ಬಿಟ್ಟು ಮಾತಾಡು. ಮನೇಲಿ ಆಡೋ ಹಾಗೆ," ಎಂದರು. ಕಣ್ಣಲ್ಲಿ ನೀರು ಬಂತು.

ಅಸೋಸಿಯೇಷನ್ ಆಫೀಸು. ಉದ್ದದ ಮೇಜು, ಐದು ಜನರ ಸಮಿತಿ. ಅಧ್ಯಕ್ಷೆ ಹಳೆಯ ಆಟಗಾರ್ತಿ, ಬಿಳಿ ತಲೆ. ದೊಡ್ಡ ಸ್ಕೂಲಿನ ಸೆಕ್ರೆಟರಿ ಒಂದು ಹಾಳೆ ತೆಗೆದು ಓದಿದರು. ‘ಆಟ ಆರಂಭವಾಗಿರಲಿಲ್ಲ. ನಮಗೆ ಸಂಬಂಧಿಸಿದ್ದಲ್ಲ.’ ಹೋದ ವರ್ಷದ ನನ್ನ ರಿಪೋರ್ಟು! "ಇದು ಯಾರ ಸಹಿ, ಹೇಳ್ತೀರಾ? ಹೋದ ವರ್ಷ ಇಲ್ಲದ ಅಧಿಕಾರ ಈ ವರ್ಷ ಎಲ್ಲಿಂದ ಬಂತು?"

ಎದ್ದು ನಿಂತೆ. "ಸಹಿ ನಂದೇ. ಆದ್ರೆ ಬರೆದಿದ್ದು ತಪ್ಪು. ನಾನು ಕೋಣೇಲಿ ಟೀ ಕುಡೀತಾ ಕೂತಿದ್ದೆ, ಹೊರಗೆ ಒಂದು ಮಗುವಿನ ಹಲ್ಲು ಹೋಯ್ತು. ಅಧಿಕಾರ ಹೋದ ವರ್ಷವೂ ಇತ್ತು ಸರ್. ನಾನು ಇರ್ಲಿಲ್ಲ, ಅಷ್ಟೇ. ಆ ತಪ್ಪಿಗೆ ಶಿಕ್ಷೆ ಕೊಡಿ, ತಗೋತೀನಿ. ಈ ಸೀಟಿಗೆ ಮಾತ್ರ ಬೇಡ."

ಅಧ್ಯಕ್ಷೆ ನಿಯಮದ ಪುಸ್ತಕ ತಿರುವಿದರು. "ಅಧಿಕಾರ ಇತ್ತು. ಅದರ ಬಗ್ಗೆ ತಕರಾರಿಲ್ಲ. ಆದ್ರೆ ಆ ಹುಡುಗಿ ಅಣಕಿಸಿದ್ಲು ಅನ್ನೋದಕ್ಕೆ ಸಾಕ್ಷಿ ಯಾರು?"

ಅದೇ ಕಷ್ಟ. ಹಿರಿಯರನ್ನು ಕೇಳಿದರು. ನೆಲ ನೋಡುತ್ತ, "ನಾನು ಒಳಗಿದ್ದೆ. ಕೇಳಿಸ್ಲಿಲ್ಲ," ಎಂದರು. ಸ್ಕೋರ್ ಬರೆಯುವವರಿಗೆ ಗಲಾಟೆಯಲ್ಲಿ ಸರಿಯಾಗಿ ತಿಳಿಯಲಿಲ್ಲವಂತೆ. ಸಣ್ಣ ಸ್ಕೂಲಿನವರ ಮಾತು ಲೆಕ್ಕಕ್ಕಿಲ್ಲ, ಗೆದ್ದವರಲ್ಲವೇ. ದೊಡ್ಡ ಸ್ಕೂಲಿನ ಕೋಚ್, "ಅವಳು ತನ್ನ ಟೀಮಿಗೆ ಎಣಿಸ್ತಾ ಇದ್ಲು ಅಷ್ಟೇ," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿಬಿಟ್ಟರು. ಮುಗಿಯಿತು ಅಂದುಕೊಂಡೆ.

ಅಧ್ಯಕ್ಷೆ ಕ್ಯಾಪ್ಟನ್ ಕಡೆ ತಿರುಗಿದರು. "ನೀನು ಹೇಳಮ್ಮ."

ಹುಡುಗಿ ಎದ್ದಳು. ಸೆಕ್ರೆಟರಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಅಣಕಿಸ್ದೆ ಮೇಡಂ. ಎರಡು ಸಲ. ಮೊದಲನೇ ಸಲ ಆದ್ಮೇಲೆ ಇವ್ರು ನನಗೊಬ್ಳಿಗೇ ಹೇಳಿದ್ರು. ಆಮೇಲೂ ಮಾಡ್ದೆ."

ಕೋಚ್, "ಏಯ್!" ಎಂದರು. ಅವಳು ಕೂರಲಿಲ್ಲ. "ಅವ್ರು ಕೊಟ್ಟ ಫೌಲ್ ಸರಿಯಾಗಿದೆ," ಎಂದಳು.

ತೀರ್ಪು ಎರಡು ದಿನದಲ್ಲಿ ತಿಳಿಸುತ್ತಾರಂತೆ. ಹೊರಗೆ ಬಂದರೆ ಅವಳ ಕಡೆಯವರು ಯಾರೂ ಅವಳ ಜೊತೆ ನಡೆಯುತ್ತಿರಲಿಲ್ಲ. ಮಾತಾಡಿಸೋಣವೆಂದು ಹೋದೆ. ಅಷ್ಟರಲ್ಲಿ ಅವರ ವ್ಯಾನ್ ಹೊರಟುಬಿಟ್ಟಿತು.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ 11.40

ಗೆದ್ದೆವು! ಗೆದ್ದೆವು! ಗೆದ್ದೆವು!

ಹನ್ನೊಂದಕ್ಕೆ ಫೋನ್ ಬಂತು. ಫೌಲ್ ಸರಿ. 51–50 ಸರಿ. ಕಪ್ ಆ ಮಕ್ಕಳದ್ದೇ. ನನ್ನ ಹೆಸರು ಪ್ಯಾನೆಲ್‌ನಲ್ಲೇ. ಅಷ್ಟೇ ಅಲ್ಲ, ಇನ್ನು ಮೇಲೆ ಸ್ಕೂಲ್ ಮ್ಯಾಚಿಗೆ ರೆಫರಿಗಳೆಲ್ಲ ಇಪ್ಪತ್ತು ನಿಮಿಷ ಮುಂಚೆ ಅಂಕಣದಲ್ಲಿ ಇರಲೇಬೇಕೆಂದು ಸುತ್ತೋಲೆ! ಹೋದ ವರ್ಷದ ರಿಪೋರ್ಟಿಗೆ ನನಗೊಂದು ಎಚ್ಚರಿಕೆ ಪತ್ರ. ಅದು ಬರಲೇಬೇಕಿತ್ತು. ಫ್ರೇಮ್ ಹಾಕಿಸುತ್ತೇನೆ.

ಅಂಗಡಿಯಲ್ಲೇ ಕೂಗಿಬಿಟ್ಟೆ. ಕಣ್ಣು ಪರೀಕ್ಷೆಗೆ ಕುಳಿತಿದ್ದ ಅಜ್ಜ ಗಾಬರಿಯಾಗಿ, "ಅಷ್ಟು ಕೆಟ್ಟಿದೆಯೇನಮ್ಮಾ?" ಎಂದರು. ಇವರಿಗೆ ಫೋನ್ ಮಾಡಿದೆ. ಹತ್ತೇ ನಿಮಿಷದಲ್ಲಿ ‘ಎಲ್’ ಬೋರ್ಡಿನ ಕಾರು ಅಂಗಡಿ ಮುಂದೆ ಪೀಂ ಪೀಂ. ಹೊಸದಾಗಿ ಕಲಿಯುತ್ತಿರುವ ಹೆಂಗಸು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡು ಬೆವರುತ್ತಿದ್ದಾಳೆ, ಪಕ್ಕದಲ್ಲಿ ಕುಳಿತು ಹಾರ್ನ್ ಒತ್ತುತ್ತಿರುವವರು ಇವರು! ಹಿಂದಿನ ಸೀಟಿನಲ್ಲಿ ಅತ್ತೆ. ಇಡೀ ಬೀದಿ ನೋಡಿತು. ನೋಡಲಿ ಬಿಡಿ.

ಹಿರಿಯರೂ ಫೋನ್ ಮಾಡಿದ್ದರು. "ನಾಳೆ ಮ್ಯಾಚ್ ಹತ್ತಕ್ಕಲ್ವಾ? ಹಾಗಾದ್ರೆ... 9.40 ಅಲ್ವೇನಮ್ಮಾ?" ಎಂದರು. ತುಂಬ ಮೆತ್ತಗೆ. "ಹೌದು ಸರ್," ಎಂದೆ. ಬೇರೇನೂ ಕುಟುಕಲಿಲ್ಲ. ಅದೇ ದೊಡ್ಡ ಸಾಹಸ.

ಅದೇ ದಿನ, ಸಂಜೆ 5

ಕ್ಯಾಪ್ಟನ್ ಬಂದಿದ್ದಾಳೆ. ಒಬ್ಬಳೇ. ಕನ್ನಡಕ ಬೇಕೇನೋ ಅಂದುಕೊಂಡೆ. ಅಲ್ಲ. ಟೀಮಿನಲ್ಲಿ ಯಾರೂ ಮಾತಾಡುತ್ತಿಲ್ಲವಂತೆ.

"ಯಾಕೆ ಒಪ್ಕೊಂಡೆ? ಇಲ್ಲ ಅಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದು ಕೇಳಿದೆ.

"ನಿಮ್ಗೆ ಗೊತ್ತಿತ್ತಲ್ಲ ಮೇಡಂ. ಮೊದಲನೇ ಸಲ ನೀವು ಎಲ್ರ ಮುಂದೆ ಬೈಬಹುದಿತ್ತು. ಬೈಲಿಲ್ಲ. ನಾನು ಅವಳಿಗೆ ಎಲ್ರ ಮುಂದೇನೇ ಮಾಡ್ದೆ."

ಎದ್ದು ಅಪ್ಪಿಕೊಂಡುಬಿಟ್ಟೆ. ನನಗಿಂತ ಒಂದು ಅಡಿ ಎತ್ತರ, ಅವಳ ಭುಜಕ್ಕೆ ನನ್ನ ಹಣೆ.

ಕ್ಷಮೆ ಕೇಳಬೇಕು, ಏಳನೇ ನಂಬರಿನವಳ ಮನೆ ಗೊತ್ತಾ ಎಂದಳು. ಗಣಿತದ ಟೀಚರಿಗೆ ಫೋನ್ ಮಾಡಿ ಕೇಳಿದೆ. ಎರಡೇ ಬೀದಿ ಆಚೆ. ಕಳಿಸಿ, ಹುಡುಗಿ ಮನೆಯಲ್ಲೇ ಇದ್ದಾಳೆ ಎಂದರು. ಕ್ಯಾಪ್ಟನ್‌ಗೆ ಒಬ್ಬಳೇ ಹೋಗಲು ಭಯವಂತೆ. ಅಂಗಡಿ ಬೇಗ ಮುಚ್ಚಿ ನಾನೂ ಹೋಗುತ್ತೇನೆ. ಕೊನೆಯ ಗಿರಾಕಿ ಫ್ರೇಮ್ ಆರಿಸುತ್ತಿದ್ದಾರೆ, ಅದಕ್ಕೇ ಇದನ್ನು ಗೀಚುತ್ತಿದ್ದೇನೆ. ಕ್ಯಾಪ್ಟನ್ ಕನ್ನಡಿಯ ಮುಂದೆ ನಿಂತು ಏನು ಹೇಳಬೇಕೆಂದು ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದಾಳೆ. "ನಾ... ನಾನು..." ಮೊದಲ ಮಾತಿಗೇ ನಿಂತುಬಿಡುತ್ತಾಳೆ. ಮತ್ತೆ ಶುರು. ಮತ್ತೆ ಅಲ್ಲೇ ನಿಲ್ಲುತ್ತಾಳೆ. ನಾನು ಹೇಳಿಕೊಡುವುದಿಲ್ಲ. ಅವಸರವಿಲ್ಲ. ಗಿರಾಕಿ ಹೊರಟರು. ಬೀಗದಕೈ ತೆಗೆದುಕೊಂಡೆ. ಹೊರಟೆವು.